ಉಪ್ಪು ಚೆಲ್ಲುವ ಕೈ, ತುಕ್ಕು ಕೆರೆಯುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿ ಬಿದ್ದ ಹಿಮ ಬೀದಿಯಲ್ಲಿ ಪಾದ ಮುಳುಗುವಷ್ಟಿದೆ. ರೊವೀನಾ ಸ್ಟಿಡಮ್ ತಮ್ಮ ಪಿಕಪ್ ನಿಲ್ಲಿಸಿ ಇಳಿಯುತ್ತಾರೆ. ಮನೆಯೊಳಗೂ ಹೋಗುವುದಿಲ್ಲ, ಪಕ್ಕದ ಕಾರ್ ಶೆಡ್ಡಿಗೂ ಹೋಗುವುದಿಲ್ಲ. ಎರಡರ ನಡುವಿನ ಮೆಟ್ಟಿಲ ಮೇಲೆ ಒಂದು ಬಕೆಟ್ ಬಿಸಿನೀರು ಹಬೆಯಾಡುತ್ತಿದೆ. ಬೂಟು ಕಳಚಿ ಬೋರಲು ಹಾಕುತ್ತಾರೆ. ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತದವರು, ಕೊಟ್ಟ ಕಿತ್ತಳೆ ಬಣ್ಣದ ಕೋಟನ್ನು ಹೊರಗಿನ ಮೊಳೆಗೆ ನೇತುಹಾಕುತ್ತಾರೆ. ಮೊಳಕೈವರೆಗೆ ಕೈ ಅದ್ದಿ ಉಜ್ಜಿ ತೊಳೆದು, ಕೂದಲನ್ನೂ ಕೊಡವಿಕೊಳ್ಳುತ್ತಾರೆ. ನಮ್ಮ ಕಡೆಯ ಮಡಿ ಅಜ್ಜಿಯರು ಕಂಡಿದ್ದರೆ ಮೆಚ್ಚಿ ತಲೆದೂಗುತ್ತಿದ್ದರು.

"ಒಂದು ಹರಳು ಉಪ್ಪೂ ಒಳಗೆ ಬರಬಾರದು ನೋಡಿ. ಹೊರಗೆ ಅದು ನನ್ನ ಅನ್ನ. ಒಳಗೆ ಬಂದ್ರೆ ನನ್ನ ಶತ್ರು," ಎನ್ನುತ್ತಾರೆ ರೊವೀನಾ.

ಅವರು ಶೆಡ್ಡಿನ ಬಾಗಿಲು ತೆರೆಯುತ್ತಿದ್ದಂತೆ ಒಳಗಿಂದ ಮುದಿ ದನಿಯೊಂದು ಕೂಗುತ್ತದೆ: "ಬೇಗ ಬಾಗಿಲು ಹಾಕು ಮಗಳೇ! ಮಿಷಿಗನ್ನಿನ ಚಳಿನೆಲ್ಲ ಒಳಗೆ ಕರಕೊಂಡು ಬರ್ತೀಯಾ?" ಅದು ಅವರ ತಂದೆ ಎಸ್ಟಲ್. ವಯಸ್ಸು ಎಂಬತ್ತು ದಾಟಿದೆ, ಕಣ್ಣಿಗೆ ಈಗ ಬೆಳಕು ಯಾವುದು ನೆರಳು ಯಾವುದು ಎನ್ನುವುದಷ್ಟೇ ಗೊತ್ತಾಗುತ್ತದೆ. ಆದರೂ ಮಗಳ ಪಿಕಪ್ ಬೀದಿಯ ತಿರುವಿಗೆ ಬಂದ ಸದ್ದು ಕೇಳಿದೊಡನೆ ಬಿಸಿನೀರಿನ ಬಕೆಟ್ ಮೆಟ್ಟಿಲ ಮೇಲೆ ಇಟ್ಟಿರುತ್ತಾರೆ. ಬೇರೆ ಯಾರ ಗಾಡಿ ಬಂದರೂ ಅಲ್ಲಾಡುವುದಿಲ್ಲ.

ಹಿಮ ಕರಗಲೆಂದು ರಾತ್ರಿಯೆಲ್ಲ ರಸ್ತೆಗೆ ಉಪ್ಪು ಚೆಲ್ಲಿ ಬಂದವರು ಈಗ ಉಪ್ಪು ತಿಂದ ಕಾರಿನ ಮುಂದೆ ಮಂಡಿಯೂರಿ ಕೂರುತ್ತಾರೆ. ಕಾರು 1970ರ ಪಾಂಟಿಯಾಕ್ ಜಿಟಿಒ. ಎರಡೇ ಬಾಗಿಲು, ಉದ್ದನೆಯ ಮೂಗು, ಎಮ್ಮೆಯಂಥ ಇಂಜಿನು. ಆ ಕಾಲದ ಹುಡುಗರು ಸಿಗ್ನಲ್ಲಿನ ಕೆಂಪು ದೀಪದ ಬಳಿ ನಿಂತು ಓಟದ ಪಂದ್ಯಕ್ಕೆ ಒಬ್ಬರನ್ನೊಬ್ಬರು ಕೆಣಕುತ್ತಿದ್ದ ಗಾಡಿ. ರೊವೀನಾ ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಮೈಯನ್ನು ತಟ್ಟುತ್ತಾ ಹೋಗುತ್ತಾರೆ. ಟಣ್ ಎಂದರೆ ತಗಡು ಜೀವಂತವಿದೆ, ದೊಪ್ ಎಂದರೆ ಒಳಗೆ ತುಕ್ಕು ತಿಂದಿದೆ. ಈಗ ಎಲ್ಲ ಕಡೆಯೂ ಟಣ್ ಎನ್ನುತ್ತದೆ. ಹಿಂದಿನ ಸೀಟಿನ ಬಲಗಡೆ ಕಾಲಿಡುವ ಮೂಲೆಯನ್ನು ಮಾತ್ರ ಅವರು ತಟ್ಟುವುದಿಲ್ಲ.

ರೊವೀನಾಗೆ ಐವತ್ತಾರು. ಚಳಿಗಾಲದಲ್ಲಿ ಕೌಂಟಿಯ ಉಪ್ಪಿನ ಲಾರಿ ಓಡಿಸುತ್ತಾರೆ, ಬೇಸಿಗೆಯಲ್ಲಿ ಅದೇ ರಸ್ತೆಗಳ ಗುಂಡಿ ಮುಚ್ಚುತ್ತಾರೆ. ಹಿಮ ಜೋರಾದರೆ ಹನ್ನೆರಡು ಗಂಟೆಯ ಪಾಳಿ ಹದಿನಾರಕ್ಕೆ ಹಿಗ್ಗುತ್ತದೆ. ಒಂದು ಲೋಡಿಗೆ ಹತ್ತು ಟನ್ ಉಪ್ಪು, ಒಂದು ಪಾಳಿಗೆ ಇಂಥ ನಾಲ್ಕೈದು ಲೋಡು. ಕೆಲಸಕ್ಕೆ ಸೇರಿದಾಗ ಕೌಂಟಿಯ ಲಾರಿ ಅಂಗಳದಲ್ಲಿ ಬೇರೆ ಹೆಂಗಸರು ಇರಲಿಲ್ಲ. ಹೀಟರ್ ಕೆಟ್ಟ ಲಾರಿಯನ್ನೇ ಹುಡುಕಿ ಕೊಟ್ಟರಂತೆ. "ಒಂದು ಚಳಿಗಾಲ ತಡೀಲಿ, ಆಮೇಲೆ ಹೆಸರು ಕೇಳೋಣ ಅಂದ್ರು. ನಾನು ಮೂರು ಜೊತೆ ಸಾಕ್ಸ್ ಹಾಕ್ಕೊಂಡೆ. ಮಾರ್ಚ್‌ನಲ್ಲಿ ಬಂದು ಹೆಸರು ಕೇಳಿದ್ರು." ಗಂಡನ ವಿಷಯವನ್ನೂ ಅವರು ಇಷ್ಟೇ ಚುಟುಕಾಗಿ ಮುಗಿಸುತ್ತಾರೆ: "ಅವನಿಗೆ ಫ್ಲಾರಿಡಾದ ಬಿಸಿಲು ಬೇಕಿತ್ತು. ನಂಗೆ ಬೇಡವಾಗಿತ್ತು."

ಉಪ್ಪು ಚೆಲ್ಲುವವರಿಗೆ ಈ ಊರಿನಲ್ಲಿ ಹಾರ ಹಾಕುವವರಿಲ್ಲ. ರಸ್ತೆ ಜಾರಿದರೆ "ಎಲ್ಲಿ ಸತ್ತರು ಇವರು" ಎನ್ನುತ್ತಾರೆ. ಜಾರದಿದ್ದರೆ, ಕಾರಿನ ಬಾಗಿಲಿನಡಿ ತುಕ್ಕು ಕಂಡಾಗ ಮತ್ತೆ ಅವರನ್ನೇ ಬೈಯುತ್ತಾರೆ. ಇಲ್ಲಿ ಮೂವತ್ತು ವರ್ಷದಿಂದ ಇರುವ ನಾನೂ ಬೈದವನೇ. ಎದುರು ಮನೆಯ ಕಾಜ್ ಡೊಂಬ್ರೊವ್ಸ್ಕಿಗಂತೂ ಇದು ದಿನದ ಕಾಫಿಯಿದ್ದಂತೆ. ಅವರದೂ ಒಂದು ಹಳೆಯ ಕಾರಿದೆ, ಹೊದಿಕೆ ಹೊದ್ದು ಶೆಡ್ಡಿನಲ್ಲಿ ಮಲಗಿದೆ.

"ನನ್ನ ಕಾರಿನ ಬಾಗಿಲು ತಿಂದೋಳು ನೀನೇ ಕಣೇ ರೋ," ಎಂದು ಆತ ಬೇಲಿಯಾಚೆಯಿಂದ ಕೆಣಕುತ್ತಾರೆ.

"ಬಾಗಿಲು ಹಾಳಾದ್ರೆ ಹಾಳಾಗ್ಲಿ ಬಿಡು ಕಾಜ್. ಇನ್ನೊಂದು ಸಿಗತ್ತೆ. ಐರೀನಾ ಸಿಗ್ತಿದ್ಲಾ?"

ಕೆಲವು ವರ್ಷಗಳ ಹಿಂದೆ ರಸ್ತೆಯೆಲ್ಲ ಗಾಜಿನಂತಾಗಿದ್ದ ಒಂದು ಸಂಜೆ ಕಾಜ್ ಹೆಂಡತಿ ಐರೀನಾಗೆ ಎದೆನೋವು ಬಂತು. ಆಂಬುಲೆನ್ಸ್ ಬೀದಿಯಿಂದ ಹೊರಬರಲಾಗದೆ ಅಡ್ಡಡ್ಡ ಜಾರುತ್ತಿತ್ತು. ರೊವೀನಾ ತಮ್ಮ ಲಾರಿಯನ್ನು ಅದರ ಮುಂದೆ ತಂದು, ಆಸ್ಪತ್ರೆಯ ಬಾಗಿಲವರೆಗೂ ಉಪ್ಪು ಚೆಲ್ಲುತ್ತಾ ಹೋದರು, ಆಂಬುಲೆನ್ಸ್ ಹಿಂದೆ ಹಿಂದೆಯೇ ಬಂತು. ಐರೀನಾ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಇದನ್ನು ನನಗೆ ಹೇಳಿದ್ದು ಐರೀನಾ. ರೊವೀನಾ ಅವರನ್ನು ಕೇಳಿದರೆ, "ಅದು ಹೆಂಗೂ ನನ್ನ ರೂಟೇ ಆಗಿತ್ತು" ಎಂದಷ್ಟೇ ಹೇಳುತ್ತಾರೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುವ ಮಾತು ನಮ್ಮಲ್ಲಿದೆ. ಈ ಊರಿನಲ್ಲಿ ಉಪ್ಪು ತಿಂದ ರಸ್ತೆಯೂ ನೀರು ಕುಡಿಯಬೇಕು, ಅಲ್ಲಿಯತನಕ ಹಳೆಯ ಕಾರನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಹಿಮ ಕರಗಿದರೆ ಸಾಲದು, ಬಿಸಿಲು ಬಂದರೆ ಸಾಲದು. ವಸಂತದ ಒಳ್ಳೆಯ ಮಳೆ ಎರಡು ಮೂರು ಸಲ ಬಿದ್ದು ಉಪ್ಪು ಕೊಚ್ಚಿಹೋಗಬೇಕು. ಸಾಕಷ್ಟು ಮಳೆಯಾಯಿತೇ ಇಲ್ಲವೇ ಎನ್ನುವುದಕ್ಕೆ ಬೀದಿಗೆಲ್ಲ ರೊವೀನಾ ಅವರೇ ಪಂಚಾಂಗ. ಚೆಲ್ಲಿದವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ ಎಂಬುದು ಜನರ ಲೆಕ್ಕ. ಅವರು ಹೂಂ ಎನ್ನುವವರೆಗೆ ಒಂದು ಹೊದಿಕೆಯೂ ಸರಿಯುವುದಿಲ್ಲ.

ಆದರೆ ಹೀಗೆ ಊರಿಗೆಲ್ಲ ಮುಹೂರ್ತ ಇಟ್ಟುಕೊಡುವವರ ಸ್ವಂತ ಕಾರು ನಲವತ್ತು ವರ್ಷದಿಂದ ಹೊರಗೆ ಬಂದಿಲ್ಲ.

ಎಸ್ಟಲ್ ಅದನ್ನು ಹೊಸದಾಗಿ ಕೊಂಡವರು. ಕೆಂಟಕಿಯ ಗಣಿ ಬೆಟ್ಟಗಳಿಂದ ಇಲ್ಲಿಗೆ ಬಂದು, ಕಾರಿನ ತಗಡು ಒತ್ತುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದರು. ತೆಳ್ಳಗಿನ ಹತ್ತಿಯ ಕೈಗವಸು ಹಾಕಿಕೊಂಡು, ಅಚ್ಚಿನಿಂದ ಬಂದ ತಗಡಿನ ಮೇಲೆ ಅಂಗೈ ಸವರಿ ತಗ್ಗು ಉಬ್ಬು ಹಿಡಿಯುವುದು ಅವರ ಕೆಲಸವಾಗಿತ್ತು. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತಿತ್ತು. ಮನೆಗೆ ಇದ್ದದ್ದು ಇದೊಂದೇ ಕಾರು. ಕೆಲಸಕ್ಕೆ ಅದೇ, ಸಂತೆಗೆ ಅದೇ, ಮಗಳನ್ನು ಶಾಲೆಗೆ ಬಿಡುವುದಕ್ಕೂ ಅದೇ. ಆರೇಳು ಚಳಿಗಾಲ ಕಳೆಯುವಷ್ಟರಲ್ಲಿ ಹಿಂದಿನ ಸೀಟಿನ ಮುಂದೆ ನೆಲ ತೂತಾಗಿತ್ತು.

"ನಂಗೆ ಏಳು ವರ್ಷ. ಆ ತೂತಲ್ಲಿ ರಸ್ತೆ ಓಡೋದು ಕಾಣ್ತಿತ್ತು. ಶೇಂಗಾ ಬೀಜ ಒಂದೊಂದೇ ಹಾಕ್ತಾ ಕೂತಿರ್ತಿದ್ದೆ. ಅಮ್ಮನ ಒಂದು ಚಮಚಾನೂ ಹೋಯ್ತು," ಎಂದು ರೊವೀನಾ ನಗುತ್ತಾರೆ.

ಆ ವರ್ಷ ಎಸ್ಟಲ್ ತೂತಿಗೆ ತೇಪೆ ಹಾಕಿದರು. ತೇಪೆಯೆಂದರೆ ರಸ್ತೆ ಬದಿಯ ಒಂದು ಅಲ್ಯೂಮಿನಿಯಂ ಫಲಕ. ಹಿಮ ತಳ್ಳುವ ಲಾರಿ ಗುದ್ದಿ ಉರುಳಿಸಿದ್ದು, ಚರಂಡಿಯಲ್ಲಿ ಬಿದ್ದಿತ್ತಂತೆ. ಸುತ್ತ ರಿವೆಟ್ ಹೊಡೆದು, ಚಾವಣಿಗೆ ಬಳಿಯುವ ಟಾರು ಮೆತ್ತಿದರು. ಫಲಕದ ಮೇಲಿರುವ ಬರಹ: "ಇಲ್ಲಿ ವಾಹನ ನಿಲ್ಲಿಸಬಾರದು." ಇನ್ನಷ್ಟು ಚಳಿಗಾಲ ಕಳೆದು ಚೌಕಟ್ಟೂ ತುಕ್ಕು ಹಿಡಿದಾಗ ಕಾರು ಶೆಡ್ಡು ಸೇರಿತು, ಆ ಬರಹವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಲವತ್ತು ವರ್ಷ ಒಂದೇ ಕಡೆ ನಿಂತಿದೆ. ರೊವೀನಾ ಜೊತೆ ಕೆಲಸ ಮಾಡುವವರು "ಕೌಂಟಿ ಸ್ವತ್ತು ಕದ್ದೋನ ಮಗಳು" ಎಂದು ರೇಗಿಸುವುದುಂಟು.

ತಂದೆಯ ಕಣ್ಣು ಮಂಜಾಗತೊಡಗಿದ ಮೇಲೆ ರೊವೀನಾ ಕಾರನ್ನು ಸರಿಪಡಿಸುವ ಕೆಲಸಕ್ಕೆ ಕೈ ಹಚ್ಚಿದರು. ಆಗಸ್ಟಿನಲ್ಲಿ ಊರಿನ ಹಳೆಯ ಕಾರುಗಳೆಲ್ಲ ದೊಡ್ಡ ಹೆದ್ದಾರಿಯಲ್ಲಿ ಸಾಲುಗಟ್ಟಿ ಸುತ್ತುತ್ತವೆ. ಜನ ರಸ್ತೆಯ ಬದಿ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಬದುಕಿರುವಾಗಲೇ ಒಮ್ಮೆ ಆ ಸಾಲಿನಲ್ಲಿ ತನ್ನ ಕಾರಿನಲ್ಲಿ ಕೂತು ಹೋಗಬೇಕೆಂಬುದು ಎಸ್ಟಲ್ ಆಸೆ. ನೋಡಲಾಗದಿದ್ದರೂ ಇಂಜಿನಿನ ಸದ್ದು ಕೇಳುತ್ತದಲ್ಲ.

ಕೆಲಸ ನಿಧಾನದ್ದು. ಕೊಳೆತ ತಗಡನ್ನು ಹೊಳೆಯುವ ಉಕ್ಕು ಕಾಣುವವರೆಗೆ ಕತ್ತರಿಸಬೇಕು. ಅದೇ ಆಕಾರದ ಹೊಸ ತುಂಡನ್ನು ಮರಳಿನ ಚೀಲದ ಮೇಲಿಟ್ಟು ಬಡಿದು ಬಗ್ಗಿಸಬೇಕು. ಬೆಸೆಯುವಾಗ ಒಂದು ಚುಕ್ಕಿ ಇಟ್ಟು ಆರಲು ಬಿಡಬೇಕು, ಆತುರಪಟ್ಟರೆ ತಗಡು ಸೊಟ್ಟಗಾಗುತ್ತದೆ. ಎಸ್ಟಲ್ ಹೀಟರಿನ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತು ಕಿವಿಯಿಂದಲೇ ಮೇಸ್ತ್ರಿಕೆ ಮಾಡುತ್ತಾರೆ. ವೆಲ್ಡಿಂಗ್ ಸರಿಯಿದ್ದರೆ ಬಾಣಲೆಯಲ್ಲಿ ಹಂದಿಮಾಂಸದ ಬೇಕನ್ ಹುರಿದಂತೆ ಒಂದೇ ಸಮನೆ ಸದ್ದು ಬರಬೇಕಂತೆ.

"ಬಾಣಲೆ ಕಾದಿಲ್ಲ ಮಗಳೇ," ಎನ್ನುತ್ತಾರೆ.

"ಕಾದಿದೆ ಡ್ಯಾಡಿ, ನಿನ್ನ ಕಿವಿ ತಣ್ಣಗಾಗಿದೆ," ಎನ್ನುತ್ತಾರೆ ಮಗಳು. ಆದರೆ ಒಂದು ಕ್ಷಣ ಬಿಟ್ಟು ಯಂತ್ರದ ಗುಂಡಿಯನ್ನು ತುಸು ತಿರುಗಿಸುತ್ತಾರೆ.

ಹೀಗೆ ಎಂಟು ಚಳಿಗಾಲದಲ್ಲಿ ಚೌಕಟ್ಟು ಆಯಿತು, ಡಿಕ್ಕಿಯ ನೆಲ ಆಯಿತು, ಚಕ್ರದ ಮೇಲಿನ ಕಮಾನುಗಳಾದವು, ಇಂಜಿನು ಕೂತಿತು, ಹಸಿರು ಬಣ್ಣವೂ ಆಯಿತು. ಉಳಿದದ್ದು ಆ ಮೂಲೆ. ಸಾಮಾನ್ಯವಾಗಿ ಯಾರೂ ಬಣ್ಣ ಹಚ್ಚಿದ ಮೇಲೆ ನೆಲ ಕತ್ತರಿಸಲು ಕೂರುವುದಿಲ್ಲ. ಇಲ್ಲಿ ಹಾಗಾದದ್ದಕ್ಕೆ ಕಾರಣ ಎಸ್ಟಲ್ ಹಾಕಿದ ಒಂದೇ ಒಂದು ಷರತ್ತು: "ನನ್ನ ತೇಪೆ ಮುಟ್ಟಬೇಡ. ಕಾರೆಲ್ಲ ಕರಗಿದ್ರೂ ಅದು ಮಿಸುಕಿಲ್ಲ."

ಮಾತೇನೋ ನಿಜ. ಫಲಕ ಮಿಸುಕಿರಲಿಲ್ಲ. ಅಂಚಿಗೆ ಒಂದಿಷ್ಟು ಬಿಳಿ ಪುಡಿ ಬಿಟ್ಟರೆ ಅಕ್ಷರಗಳೂ ಮಾಸಿರಲಿಲ್ಲ. ಆದರೆ ರೊವೀನಾ ಹೋದ ಶರತ್ಕಾಲದಲ್ಲಿ ಕಾರ್ಪೆಟ್ ಎತ್ತಿ ನೋಡಿದಾಗ, ಅದರ ಸುತ್ತಲಿನ ಉಕ್ಕು ಹಪ್ಪಳದಂತೆ ಪುಡಿಯಾಯಿತು. ಮೇಲೆ ಮುಚ್ಚಿದ ತೇಪೆ ಉಪ್ಪುನೀರನ್ನು ಒಳಗೇ ಹಿಡಿದಿಟ್ಟುಕೊಂಡು, ಆರಲು ಬಿಡದೆ, ನೆಲವನ್ನು ತಿನ್ನಿಸಿತ್ತು. ಎಸ್ಟಲ್ ಇಷ್ಟು ವರ್ಷ ಜಂಬ ಪಟ್ಟ ಕೆಲಸವೇ ಕಾರಿನ ಕೇಡಾಗಿತ್ತು. ತೆಗೆಯದಿದ್ದರೆ ಯಾರಾದರೂ ಕಾಲಿಟ್ಟ ದಿನ ನೆಲ ಕಳಚಿ ಬೀಳುತ್ತದೆ, ಕಾರು ರಸ್ತೆಗೆ ಇಳಿಯುವಂತಿಲ್ಲ. ತೆಗೆಯಬೇಕೆಂದರೆ ತಂದೆಗೆ ಕಾರಣ ಹೇಳಬೇಕು.

"ಮೂವತ್ತು ವರ್ಷ ತಗಡು ಸವರಿ ಇದು ಸರಿ, ಇದು ತಪ್ಪು ಅಂದ ಮನುಷ್ಯ," ಎಂದು ರೊವೀನಾ ಫೆಬ್ರವರಿಯಲ್ಲಿ ನನಗೆ ದನಿ ತಗ್ಗಿಸಿ ಹೇಳಿದ್ದರು. "ನೀನೇ ಹಾಳು ಮಾಡಿದ್ದು ಅಂತ ಯಾವ ಬಾಯಲ್ಲಿ ಹೇಳ್ಲಿ? ಕಣ್ಣು ಹೋಯ್ತು, ಅಮ್ಮ ಹೋದಳು. ಇದೊಂದು ಜಂಬ ಇದೆ, ಇರಲಿ ಬಿಡಿ." ಹಾಗಾಗಿ ಇಡೀ ಚಳಿಗಾಲ ಅವರು ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಾ, ಹೊಳೆಯುತ್ತಿದ್ದ ಬಂಪರನ್ನೇ ಮತ್ತೆ ಮತ್ತೆ ಉಜ್ಜುತ್ತಾ ದಿನ ತಳ್ಳಿದರು.

ಗುಟ್ಟು ಒಡೆದದ್ದು ಕಾಜ್ ಬಾಯಿಂದ. ಈಸ್ಟರ್ ಹಬ್ಬದ ಮೊದಲು ಬರುವ ಉಪವಾಸದ ದಿನಗಳಿಗೆ ಮುಂಚಿನ ಮಂಗಳವಾರ ಇಲ್ಲಿನ ಪೋಲಿಷ್ ಮನೆಗಳಲ್ಲಿ ಪೂಂಚ್ಕಿ ಹಂಚುತ್ತಾರೆ, ಹಣ್ಣಿನ ಹೂರಣ ತುಂಬಿ ಕರಿದ ಬನ್ನು. ಕಾಜ್ ಒಂದು ಪೆಟ್ಟಿಗೆ ಹಿಡಿದು ಶೆಡ್ಡಿಗೆ ಬಂದರು. ನಾನೂ ಅಲ್ಲಿದ್ದೆ. ಬನ್ನು ತಿನ್ನುತ್ತಲೇ ಟಾರ್ಚ್ ಹಿಡಿದು ಕಾರಿನ ಅಡಿಗೆ ಬಗ್ಗಿ ನೋಡಿದ ಕಾಜ್, "ಅಯ್ಯೋ ಎಸ್ಟಲ್! ನಿನ್ನ ತೇಪೆ ಗಟ್ಟಿಯಾಗೇ ಇದೆ ಮಾರಾಯ, ಅದರ ಸುತ್ತ ಕಾರೇ ಇಲ್ಲ!" ಎಂದು ಗಹಗಹಿಸಿ ನಕ್ಕರು.

ರೊವೀನಾ ಅವರತ್ತ ನೋಡಿದ ನೋಟಕ್ಕೆ ಕಾಜ್ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು. ಎಸ್ಟಲ್ ಮಗಳ ಕಡೆ ಕೈ ಚಾಚಿ, "ನನ್ನ ಗವಸು ಕೊಡು," ಎಂದರು.

ಹಳೆಯ ಹತ್ತಿಯ ಗವಸು ಹಾಕಿಕೊಂಡು, ಮಗಳ ಭುಜ ಹಿಡಿದು, ಸೀಟು ಬಿಚ್ಚಿದ್ದ ಕಾರಿನ ಹಿಂಭಾಗಕ್ಕೆ ಮೆಲ್ಲಗೆ ಇಳಿದು ಕೂತರು. ಅಂಗೈ ಫಲಕದ ಮೇಲೆ ಒಮ್ಮೆ ಸವರಿತು. ಆಮೇಲೆ ಅಂಚಿಗೆ ಬಂತು. ಅಂಚಿನಾಚೆ ಬೆರಳುಗಳು ಸಲೀಸಾಗಿ ಕೆಳಗಿಳಿದವು.

"ಕತ್ತರಿಸು," ಎಂದರು ಎಸ್ಟಲ್.

"ಡ್ಯಾಡಿ, ಹಂಗಲ್ಲ. ಉಪ್ಪು ಎಲ್ಲಾ ಕಡೆನೂ ತಿಂದಿತ್ತು. ಇಲ್ಲಿ ಸ್ವಲ್ಪ..."

"ಸುಮ್ನಿರು. ನಂಗೇನು ಗೊತ್ತಿರಲಿಲ್ವಾ? ತುಕ್ಕಿನ ಮೇಲೆ ತೇಪೆ ಹಾಕಿದ್ರೆ ಒಳಗೇ ಕೂತು ತಿನ್ನತ್ತೆ ಅಂತ ನಮ್ಮ ಕಾರ್ಖಾನೇಲಿ ಕಸ ಗುಡಿಸೋನಿಗೂ ಗೊತ್ತಿತ್ತು. ಎತ್ತಿದ್ರೆ ಅಡಿಯಲ್ಲಿ ಏನಿರತ್ತೆ ಅಂತ ಗೊತ್ತಿದ್ದೇ ಮುಟ್ಟಬೇಡ ಅಂದಿದ್ದು. ನೀನು ನೋಡೋದು ಬೇಡ ಅಂತ."

"ಗೊತ್ತಿದ್ದೂ ಯಾಕೆ ಹಾಕಿದೆ ಮತ್ತೆ?"

ಎಸ್ಟಲ್ ಗವಸಿನ ಬೆರಳುಗಳನ್ನು ಒಂದೊಂದೇ ಎಳೆದು ಬಿಚ್ಚಿದರು. "ನಿನ್ನ ಸಾಕ್ಸ್ ಒದ್ದೆಯಾಗಿತ್ತು," ಎಂದರು. "ಆವತ್ತು ಶಾಲೆ ಮುಂದೆ ಇಳಿಸೋವಾಗ ನೋಡ್ತೀನಿ, ತೂತಿಂದ ಹಿಮದ ನೀರು ಚಿಮ್ಮಿ ಶೂ ಎಲ್ಲ ತೊಯ್ದು ಕಾಲು ನೀಲಿಗಟ್ಟಿತ್ತು. ನೀನು ಒಂದು ಮಾತೂ ಆಡಿರಲಿಲ್ಲ. ಸರಿಯಾಗಿ ಮಾಡಕ್ಕೆ ಒಂದು ವಾರ ಬೇಕಿತ್ತು, ನನ್ನ ಹತ್ರ ಒಂದು ಮಧ್ಯಾಹ್ನ ಇತ್ತು. ಕಾರು ಹಾಳಾದ್ರೆ ಹಾಳಾಗ್ಲಿ ಅಂತ ಹೊಡೆದೆ. ವಸಂತ ಬಂದ್ಮೇಲೆ ತೆಗೆದು ಸರಿ ಮಾಡೋಣ ಅಂತಿದ್ದೆ. ಆಮೇಲೆ ಒಂದಲ್ಲ ಒಂದು."

ರೊವೀನಾ ಮುಖಕ್ಕೆ ವೆಲ್ಡಿಂಗ್ ಮುಸುಕು ಎಳೆದುಕೊಂಡರು. ಬೆಸೆಯುವುದೇನೂ ಇರಲಿಲ್ಲ, ಇನ್ನೂ ಕತ್ತರಿಸಿಯೇ ಆಗಿರಲಿಲ್ಲ. ಕಾಜ್ ಎರಡನೆಯ ಬನ್ನು ತೆಗೆದು ಎಸ್ಟಲ್ ಕೈಗಿಟ್ಟು, "ತಿನ್ನು ಮಾರಾಯ, ನಾಳೆಯಿಂದ ಉಪವಾಸ," ಎಂದರು.

ಮಾರ್ಚ್ ತಿಂಗಳೆಲ್ಲ ಆ ಮೂಲೆಗೇ ಹೋಯಿತು. ಅಂಗಡಿಯಲ್ಲಿ ಸಿದ್ಧ ತುಂಡು ಸಿಗುತ್ತದೆ, ತಂದೆ ಮಗಳಿಬ್ಬರೂ ಅದನ್ನು ಒಲ್ಲೆ ಎಂದರು. ನೆಲದ ಏರಿಳಿತಕ್ಕೆ ಬೇಕಾದ ಮರದ ಅಚ್ಚನ್ನು ಎಸ್ಟಲ್ ಬೆರಳಲ್ಲಿ ಮುಟ್ಟಿ ಮುಟ್ಟಿ ಕೆತ್ತಿದರು, ರೊವೀನಾ ಅದರ ಮೇಲೆ ತಗಡು ಬಡಿದರು. ಎರಡು ಸಲ ಗವಸಿನ ಕೈ ಸವರಿ "ಆಗಲಿಲ್ಲ" ಎಂದಿತು. ಮೂರನೆಯ ಸಲ ಏನೂ ಹೇಳಲಿಲ್ಲ. ಈ ಮನೆಯಲ್ಲಿ ಏನೂ ಹೇಳದಿದ್ದರೆ ಚೆನ್ನಾಗಿದೆ ಎಂದರ್ಥ.

ಏಪ್ರಿಲ್ ಬಂದಿದೆ. ಮಳೆ ಒಂದಾಗಿದೆ, ಎರಡಾಗಿದೆ, ಮೊನ್ನೆ ಇಡೀ ದಿನ ಸುರಿದಿದೆ. ಬೆಳಿಗ್ಗೆ ರೊವೀನಾ ಕಪ್ಪು ಬಟ್ಟೆಯ ತುಂಡೊಂದನ್ನು ಹಿಡಿದು ಬೀದಿಗೆ ಬರುತ್ತಾರೆ. ರಸ್ತೆಯ ಅಂಚಿನಲ್ಲಿ ಕೂತು ಒರೆಸುತ್ತಾರೆ, ಬಟ್ಟೆಯನ್ನು ಬೇಲಿಯ ಮೇಲೆ ಒಣಹಾಕುತ್ತಾರೆ. ಅಕ್ಕಪಕ್ಕದವರು ಕಾಫಿ ಲೋಟ ಹಿಡಿದು ತಮ್ಮ ತಮ್ಮ ಜಗುಲಿಯಲ್ಲಿ ನಿಂತಿದ್ದಾರೆ. ಒಣಗಿದ ಬಟ್ಟೆಯನ್ನು ರೊವೀನಾ ಬೆಳಕಿಗೆ ಹಿಡಿಯುತ್ತಾರೆ. ಉಪ್ಪಿನ ಬಿಳಿಯ ಗೆರೆ ಇಲ್ಲ.

"ಏನಂತೆ?" ಎಂದು ಕಾಜ್ ಕೂಗುತ್ತಾರೆ.

"ತೆಗೀರಪ್ಪ," ಎನ್ನುತ್ತಾರೆ ರೊವೀನಾ.

ಬೀದಿಯುದ್ದಕ್ಕೂ ಶೆಡ್ಡಿನ ಬಾಗಿಲುಗಳು ಒಂದೊಂದಾಗಿ ಏಳುತ್ತವೆ. ಈ ವರ್ಷ ಅವರದೂ ಏಳುತ್ತದೆ. ಒಳಗಿನ ಗೋಡೆಯ ಮೇಲೆ ಆ ಫಲಕ ತೂಗುತ್ತಿದೆ. ಬಿಸಾಡು ಎಂದು ಎಸ್ಟಲ್ ಹೇಳಿದ್ದರಂತೆ, ಮಗಳು ಕೇಳಲಿಲ್ಲ. ಕಾರು ನಿಲ್ಲುವ ಜಾಗದ ನೆತ್ತಿಯ ಮೇಲೆಯೇ ಈಗ "ಇಲ್ಲಿ ವಾಹನ ನಿಲ್ಲಿಸಬಾರದು" ಎಂದಿದೆ.

ಆಗಸ್ಟಿನ ಮೆರವಣಿಗೆಗೆ ಇನ್ನೂ ದಿನಗಳಿವೆ. ಇದು ಬರೀ ಊರು ಸುತ್ತಿ ಬರುವ ಓಟ. ಎಸ್ಟಲ್ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಎಲ್ಲರೂ ರೊವೀನಾ ಸ್ಟಿಯರಿಂಗ್ ಹಿಡಿಯುತ್ತಾರೆ ಎಂದುಕೊಂಡಿದ್ದರೆ, ಅವರು ಕೀಲಿಯನ್ನು ಕಾಜ್ ಕಡೆಗೆ ಎಸೆಯುತ್ತಾರೆ.

"ನಾನಾ? ಎಂಟು ವರ್ಷ ಒದ್ದಾಡಿದ್ದು ನೀನು!"

"ವರ್ಷವಿಡೀ ಓಡಿಸ್ತಾನೇ ಇರ್ತೀನಿ ಕಾಜ್. ಒಂದ್ಸಲ ಹಿಂದೆ ಕೂತ್ಕೋಬೇಕು ಅಂತ ಆಸೆ, ಅಷ್ಟೇ. ಕಾರಿಗೆ ಒಂದು ಗೀರು ಬಿತ್ತೋ, ನಿನ್ನ ರಸ್ತೆಗೆ ಮುಂದಿನ ವರ್ಷ ಉಪ್ಪಿಲ್ಲ."

ನನ್ನನ್ನೂ ಹಿಂದೆ ಹತ್ತಿಸಿಕೊಳ್ಳುತ್ತಾರೆ. ಬಲಗಡೆಯ ಮೂಲೆ ಅವರದು. ಇಂಜಿನು ಗುಡುಗುತ್ತದೆ, ಎಸ್ಟಲ್ ತಲೆ ತುಸು ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಕೆಂಪು ದೀಪದ ಬಳಿ ನಿಂತಾಗ ಪಕ್ಕದ ಕಾರಿನವರು ಹಾರ್ನ್ ಹೊಡೆದು ಹೆಬ್ಬೆರಳು ಎತ್ತುತ್ತಾರೆ. ಅದು ಉಪ್ಪಿನ ಲಾರಿಯವಳಿಗೆ ಎಂದು ಅವರಿಗೆ ಗೊತ್ತಿಲ್ಲ, ರೊವೀನಾಗೆ ಅದರ ಚಿಂತೆಯೂ ಇಲ್ಲ. ಅವರು ಬಗ್ಗಿ ಶೂ ಕಳಚಿ, ಸಾಕ್ಸ್ ಕಾಲನ್ನು ಹೊಸ ನೆಲದ ಮೇಲೆ ಊರುತ್ತಾರೆ. ಅದರ ಅಡಿಯಲ್ಲಿ ಇಂಜಿನಿನ ಬಿಸಿ ಹೊಗೆಯ ಕೊಳವೆ ಹಾದುಹೋಗುತ್ತದೆ.

ಎಸ್ಟಲ್ ಹಿಂದೆ ತಿರುಗದೆಯೇ ಕೇಳುತ್ತಾರೆ: "ನೀರು ಬರ್ತಿದೆಯಾ ಮಗಳೇ?"

"ಇಲ್ಲ ಡ್ಯಾಡಿ," ಎನ್ನುತ್ತಾರೆ ರೊವೀನಾ. "ಬೆಚ್ಚಗಿದೆ."